ಟ್ಯಾಂಕಿಗೆ ಯಾವ ಮೀನು, ಎಷ್ಟು ಮೀನು? ಅಂಗಡಿಗೆ ಹೋಗುವ ಮೊದಲೇ ಮಾಡಬೇಕಾದ ಲೆಕ್ಕ

ಹೊಸಬರು ಅಕ್ವೇರಿಯಂ ಅಂಗಡಿಯಲ್ಲಿ ಮೀನು ಕೊಳ್ಳುವುದನ್ನು ನೀವೂ ನೋಡಿರುತ್ತೀರಿ. "ಅದೆರಡು ಕೊಡಿ, ಇದೆರಡು ಕೊಡಿ, ಆ ಕಪ್ಪಗಿರೋದೂ ಒಂದಿರ್ಲಿ." ಅಂಗಡಿಯವರು ಜಾಲರಿ ಹಾಕಿ ಹಿಡಿದು, ಕವರಿಗೆ ತುಂಬಿ, ಆಕ್ಸಿಜನ್ ಹೊಡೆದು, ರಬ್ಬರ್ ಬ್ಯಾಂಡ್ ಸುತ್ತಿ ಕೊಡುತ್ತಾರೆ. ಒಂದೆರಡು ತಿಂಗಳಲ್ಲಿ ಮುಕ್ಕಾಲು ಮೀನು ಇರುವುದಿಲ್ಲ. ಉಳಿದವುಗಳಲ್ಲಿ ಒಂದು ಮಾತ್ರ ದಪ್ಪಗಾಗಿ, ಇಡೀ ಟ್ಯಾಂಕಿಗೆ ತಾನೇ ಯಜಮಾನ ಅನ್ನುವ ಹಾಗೆ ತಿರುಗುತ್ತಿರುತ್ತದೆ.

ಇದರಲ್ಲಿ ಅಂಗಡಿಯವರದು ಅಂಥ ತಪ್ಪೇನಿಲ್ಲ, ಕೇಳಿದ್ದನ್ನು ಕೊಟ್ಟರು ಅಷ್ಟೇ. ಮೀನನ್ನು ಆರಿಸಬೇಕಾದದ್ದು ಮನೆಯಲ್ಲಿ ಕೂತು. ಮೊದಲು ನಿಮ್ಮ ನೀರು ನೋಡಿ, ಆಮೇಲೆ ಟ್ಯಾಂಕು, ಕೊನೆಗೆ ಮೀನು. ಹೆಚ್ಚಿನವರು ಇದನ್ನು ಪೂರ್ತಿ ಉಲ್ಟಾ ಮಾಡುತ್ತಾರೆ: ಮೀನು ಇಷ್ಟವಾಗುತ್ತದೆ, ಅದಕ್ಕೊಂದು ಟ್ಯಾಂಕ್ ತರುತ್ತಾರೆ, ನೀರಿನ ಯೋಚನೆ ಬರುವುದು ಮೀನು ಮೇಲೆ ತೇಲಿದಾಗ.

ಮೊದಲು ನಲ್ಲಿ ನೀರು

ನಮ್ಮ ರಾಜ್ಯದಲ್ಲೇ ನೀರು ಎಷ್ಟು ಬಗೆ ಇದೆ ನೋಡಿ. ಮಂಗಳೂರು, ಉಡುಪಿ ಕಡೆ ಮುರಕಲ್ಲಿನ ನೆಲದ ಬಾವಿ ನೀರು ಮೆದು, ಅದರ ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ, 7 ನಡುಮಟ್ಟ) ಸಾಮಾನ್ಯವಾಗಿ 7ಕ್ಕಿಂತ ಕೆಳಗೇ ಇರುತ್ತದೆ. ಕೋಲಾರ, ಚಿತ್ರದುರ್ಗದ ಕಡೆ ಆಳದ ಬೋರ್‌ವೆಲ್ ನೀರು ಗಡಸು, ಬಕೆಟ್ ಅಂಚಿಗೂ ಗೀಸರ್ ಕಾಯಿಲ್‌ಗೂ ಬಿಳಿ ಪೊರೆ ಕಟ್ಟುವಂಥದ್ದು. ಬೆಂಗಳೂರಿನದ್ದಂತೂ ಕೇಳಲೇಬೇಡಿ. ಒಂದು ಮನೆಗೆ ಕಾವೇರಿ, ಪಕ್ಕದ ಮನೆಗೆ ಬೋರ್, ಅದರಾಚೆಯ ಅಪಾರ್ಟ್‌ಮೆಂಟಿಗೆ ಟ್ಯಾಂಕರ್. ಹಾಗಾಗಿ "ನನ್ನ ಫ್ರೆಂಡ್ ಮನೇಲಿ ಚೆನ್ನಾಗಿ ಬದುಕಿದೆ" ಅನ್ನುವ ಮಾತಿಗೆ ಅರ್ಥವಿಲ್ಲ. ಫ್ರೆಂಡ್ ಮನೆಯ ನೀರು ಬೇರೆ.

ಪಿಎಚ್ ಮತ್ತು ಗಡಸುತನ ನೋಡುವ ಹನಿ ಹಾಕುವ ಟೆಸ್ಟ್ ಕಿಟ್ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಒಂದು ಕಿಟ್ ತಂದುಕೊಳ್ಳಿ. ಹಾಗೇ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಕಿಟ್ ಕೂಡ. ಇದಕ್ಕೆ ದುಡ್ಡು ಜಾಸ್ತಿ ಅನ್ನಿಸಬಹುದು, ಆದರೆ ಸಾಯುವ ಮೀನಿನ ಲೆಕ್ಕ ಹಾಕಿದರೆ ಜಾಸ್ತಿಯಲ್ಲ. ಮನೆಯಲ್ಲಿ ಕುಡಿಯುವ ನೀರು ನೋಡಲು ಇಟ್ಟ ಟಿಡಿಎಸ್ ಪೆನ್ ಇದ್ದರೆ ಒಂದು ಅಂದಾಜಿಗೆ ಆಗುತ್ತದೆ, ಆದರೆ ಅದು ಗಡಸುತನವನ್ನು ಬೇರೆಯಾಗಿ ತೋರಿಸುವುದಿಲ್ಲ, ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಹೇಳುತ್ತದೆ.

ಇಲ್ಲೊಂದು ಗೊಂದಲ ಬಹಳ ಜನಕ್ಕಿದೆ. ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಹಾಕಿದ್ದಾರೆ, ಹಾಗಾದರೆ ನಮ್ಮದು ಮೆದು ನೀರು ತಾನೇ ಅಂತ ಕೇಳುತ್ತಾರೆ. ಸಾಫ್ಟ್‌ನರ್ ಮಾಡುವುದು ಇಷ್ಟೇ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುತ್ತದೆ. ಸೋಪು ನೊರೆ ಬರುತ್ತದೆ, ಟಿಡಿಎಸ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅಮೆಜಾನ್ ನದಿಯ ಮೀನಿಗೆ ಬೇಕಾದ ಮೆದು ನೀರು ಇದಲ್ಲ. ಸಾಫ್ಟ್‌ನರ್‌ಗೆ ಮುಂಚಿನ ನಲ್ಲಿಯಿಂದ ನೀರು ಸಿಕ್ಕರೆ ಅದನ್ನೇ ಹಿಡಿದುಕೊಳ್ಳಿ. ಆರ್‌ಒ ನೀರನ್ನು ಬರೀ ಅದೊಂದನ್ನೇ ತುಂಬುವುದೂ ಸರಿಯಲ್ಲ, ಅದರಲ್ಲಿ ಖನಿಜ ತೀರಾ ಕಡಿಮೆ, ಪಿಎಚ್ ಒಂದು ಕಡೆ ನಿಲ್ಲುವುದಿಲ್ಲ. ಬೋರ್ ನೀರಿಗೆ ಸ್ವಲ್ಪ ಬೆರೆಸಿ ಗಡಸು ಇಳಿಸಲು ಬೇಕಾದರೆ ಬಳಸಿ.

ಗಡಸು ನೀರು ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಎಲ್ಲವೂ ಗಡಸು ನೀರನ್ನೇ ಇಷ್ಟಪಡುತ್ತವೆ. ಅದರಲ್ಲೂ ಮೋಲಿಯನ್ನು ತೀರಾ ಮೆದು ನೀರಿಗೆ ಬಿಟ್ಟರೆ ಇದ್ದಲ್ಲೇ ಮೈ ತೊನೆಯುತ್ತಾ, ಸೊರಗುತ್ತಾ ಹೋಗುತ್ತದೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗಂತೂ ಪಿಎಚ್ 8ರ ಆಸುಪಾಸಿನ ಬೋರ್ ನೀರು ಹೇಳಿ ಮಾಡಿಸಿದ ಹಾಗೆ. ಮೆದು ನೀರಿನವರಿಗೆ ನಿಯಾನ್ ಟೆಟ್ರಾ, ಕಾರ್ಡಿನಲ್ ಟೆಟ್ರಾ, ಹನಿ ಗೌರಾಮಿ, ರಾಸ್ಬೋರಾ ಚೆನ್ನ. ನಮ್ಮ ಕಡೆ ಮಾರುವ ಮೀನಿನಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರಿನಂಥ ಕಡೆ ಸಾಕಿದ್ದು, ಹಾಗಾಗಿ ಏಂಜಲ್, ಗೌರಾಮಿಗಳು ಪುಸ್ತಕದ ಪಿಎಚ್‌ಗಿಂತ ಸ್ವಲ್ಪ ಆಚೀಚೆ ಇದ್ದರೂ ಹೊಂದಿಕೊಳ್ಳುತ್ತವೆ. ಬಾಟಲಿಯಲ್ಲಿ ಬರುವ ಪಿಎಚ್ ಅಪ್, ಪಿಎಚ್ ಡೌನ್ ಔಷಧಿ ಹಿಡಿದುಕೊಂಡು ನೀರಿನ ಜೊತೆ ದಿನಾ ಗುದ್ದಾಡುವ ಬದಲು ಇರುವ ನೀರಿಗೆ ಹೊಂದುವ ಮೀನು ತರುವುದೇ ಸುಲಭ. ಪಿಎಚ್ ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಮೀನು ತಡೆದುಕೊಳ್ಳುತ್ತದೆ. ದಿನಕ್ಕೊಂದು ಥರ ಆದರೆ ತಡೆಯುವುದಿಲ್ಲ.

ಬಿಸಿಯ ಲೆಕ್ಕವೂ ಇಲ್ಲೇ ಬರಬೇಕು. ಬೆಂಗಳೂರು, ಹಾಸನ, ಮಡಿಕೇರಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಹೀಟರ್ ಇಲ್ಲದ ಟ್ಯಾಂಕ್ 20 ಡಿಗ್ರಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಹೋಗಬಹುದು. ಫೈಟರ್, ಏಂಜಲ್, ಗೌರಾಮಿಗೆ ಅದು ಸಾಲದು. ಲೀಟರಿಗೆ 1 ವಾಟ್ ಲೆಕ್ಕದಲ್ಲಿ ಹೀಟರ್ ಬೇಕು. ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ವರ್ಷಪೂರ್ತಿ ಬೇಕು, ಹೊಸಬರು ಸದ್ಯಕ್ಕೆ ಅದರ ಆಸೆ ಬಿಡಿ. ಕಲಬುರಗಿ, ರಾಯಚೂರಿನವರ ಕಷ್ಟ ಬೇರೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಕರಗಿದರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿಗೆ ಮೀನಿನ ಮೈ ಜಾಸ್ತಿ ಆಕ್ಸಿಜನ್ ಕೇಳುತ್ತದೆ. ಅಂದರೆ ಚಳಿಗಾಲದಲ್ಲಿ ಆರಾಮಾಗಿದ್ದ ಅಷ್ಟೇ ಮೀನು ಏಪ್ರಿಲ್, ಮೇನಲ್ಲಿ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಬಿಸಿಲು ಸೀಮೆಯವರು ಬೇರೆಯವರಿಗಿಂತ ಕಡಿಮೆ ಮೀನು ಬಿಡಬೇಕು. ಕರೆಂಟ್ ಹೋಗುವ ಊರಾದರೆ ಬ್ಯಾಟರಿಯ ಏರ್ ಪಂಪ್ ಒಂದು ಇರಲೇಬೇಕು.

ನಿಮ್ಮ ಟ್ಯಾಂಕ್ ನಿಜಕ್ಕೂ ಎಷ್ಟು ಲೀಟರ್?

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಲೆಕ್ಕದಲ್ಲಿ 56 ಲೀಟರ್. ಕಲ್ಲು, ಮರಳು ಹಾಕಿ, ಮೇಲೆ ಎರಡು ಇಂಚು ಬಿಟ್ಟರೆ ಉಳಿಯುವುದು 45ರ ಹತ್ತಿರ. ನಿಮ್ಮ ಲೆಕ್ಕ ಇದರ ಮೇಲೆ ನಡೆಯಬೇಕು, 56ರ ಮೇಲಲ್ಲ. ಮೂರಡಿ ಉದ್ದ, ಅಗಲ ಮತ್ತು ಎತ್ತರ 15 ಇಂಚು ಇದ್ದರೆ 130 ಲೀಟರ್, ನೀರು ನಿಲ್ಲುವುದು 110ರ ಸುಮಾರಿಗೆ. ಒಂದು ಲೀಟರ್ ಅಂದರೆ ಒಂದು ಕೆಜಿ. ಅದಕ್ಕೆ ಗಾಜು, ಕಲ್ಲು ಸೇರಿಸಿ, ಟಿವಿ ಸ್ಟ್ಯಾಂಡ್ ಮೇಲೆ ಇಡಬೇಡಿ.

ಉದ್ದ, ಅಗಲಕ್ಕೆ ಬೆಲೆ ಜಾಸ್ತಿ, ಎತ್ತರಕ್ಕೆ ಕಡಿಮೆ. ಆಕ್ಸಿಜನ್ ನೀರಿನೊಳಗೆ ಇಳಿಯುವುದು ಮೇಲ್ಮೈಯಿಂದ, ಮೀನು ಈಜುವುದು ಅಡ್ಡಡ್ಡ. ಎತ್ತರದ ಕಂಬದಂಥ ಟ್ಯಾಂಕುಗಳು ಹೋಟೆಲ್ ರಿಸೆಪ್ಶನ್‌ನಲ್ಲಿ ಚಂದ, ಅದರಲ್ಲಿ ಮೀನಿಗೆ ಸುಖವಿಲ್ಲ. ಗಾಜಿನ ಬಟ್ಟಲಿನ ಬಗ್ಗೆ ಹೇಳುವುದೇ ಬೇಡ.

ಇಂಚಿನ ಲೆಕ್ಕ ಎಲ್ಲಿ ಕೈಕೊಡುತ್ತದೆ

ಒಂದು ಗ್ಯಾಲನ್‌ಗೆ, ಅಂದರೆ ಸುಮಾರು 4 ಲೀಟರಿಗೆ, ಒಂದು ಇಂಚು ಮೀನು. ಈ ಹಳೆಯ ಸೂತ್ರ ಎಲ್ಲರಿಗೂ ಗೊತ್ತು. ಎರಡು ಇಂಚಿನೊಳಗಿನ ಸಣ್ಣ, ತೆಳು ಮೈಯ ಮೀನಿಗೆ ಇದು ಪರವಾಗಿಲ್ಲ. ದೊಡ್ಡ ಮೀನಿಗೆ ಬಂದರೆ ಪೂರ್ತಿ ಸುಳ್ಳು. ಯಾಕೆ ಅಂದರೆ ಉದ್ದ ಎರಡು ಪಟ್ಟಾದಾಗ ಮೀನು ಅಗಲಕ್ಕೂ ದಪ್ಪಕ್ಕೂ ಬೆಳೆಯುತ್ತದೆ, ತೂಕ ಎಂಟು ಪಟ್ಟಾಗುತ್ತದೆ. ಹತ್ತು ನಿಯಾನ್‌ಗಳನ್ನು ಸಾಲಾಗಿಟ್ಟರೆ ಒಂದಡಿ, ಬೆಳೆದ ಒಂದು ಆಸ್ಕರ್ ಕೂಡ ಒಂದಡಿ. ಆದರೆ ಒಂದು ಆಸ್ಕರ್ ತೂಕಕ್ಕೆ ನಿಯಾನ್ ಹತ್ತಲ್ಲ, ಸಾವಿರದ ಹತ್ತಿರ ಬೇಕಾದೀತು. ಮೀನು ಮಾಡುವ ಹೊಲಸು ಅದರ ಉದ್ದಕ್ಕಲ್ಲ, ಅದು ತಿನ್ನುವ ತಿಂಡಿಗೆ ತಕ್ಕ ಹಾಗೆ.

ನಾನಂತೂ ಹೊಸಬರಿಗೆ ಹೇಳುವುದು ಹೀಗೆ: ಸಣ್ಣ ಮೀನಿಗೆ ಇಂಚಿನ ಲೆಕ್ಕ ಹಾಕಿ, ಶುರುವಿಗೆ ಬಂದ ಸಂಖ್ಯೆಯ ಮೂರನೇ ಎರಡು ಭಾಗಕ್ಕೆ ನಿಲ್ಲಿ. ಅದೂ ಮೀನು ಪೂರ್ತಿ ಬೆಳೆದಾಗಿನ ಉದ್ದ, ಅಂಗಡಿಯಲ್ಲಿ ಕಂಡ ಉದ್ದವಲ್ಲ. ಅಂಗಡಿಯಲ್ಲಿ ಇರುವುದೆಲ್ಲ ಬಹುಪಾಲು ಮರಿಗಳೇ. ಮೂರು ಇಂಚು ಮೀರಿ ಬೆಳೆಯುವ ಮೀನಿಗೆ ಸೂತ್ರ ಬಿಟ್ಟು, ಆ ಜಾತಿಗೆ ಎಷ್ಟುದ್ದದ ಟ್ಯಾಂಕ್ ಬೇಕು ಅನ್ನುವುದನ್ನೇ ಹುಡುಕಿ ತಿಳಿದುಕೊಳ್ಳಿ. ಇನ್ನು "ಟ್ಯಾಂಕ್ ಎಷ್ಟಿದೆಯೋ ಅಷ್ಟಕ್ಕೇ ಮೀನು ಬೆಳೆಯುತ್ತೆ" ಅನ್ನುವ ಮಾತಿದೆಯಲ್ಲ, ಅದು ಬೆಳೆಯುವುದನ್ನು ನಿಲ್ಲಿಸುವುದು ಆರೋಗ್ಯ ಕೆಟ್ಟಿದ್ದಕ್ಕೆ. ಬೆನ್ನು ಬಾಗಿ, ಹೊಟ್ಟೆ ಒಳಗೆ ಹೋಗಿ, ಬದುಕಬೇಕಾದ ವರ್ಷಗಳಿಗಿಂತ ಬಹಳ ಮೊದಲೇ ಸಾಯುತ್ತದೆ.

ನಿಜವಾದ ಉತ್ತರ ಸಿಗುವುದು ನೀರಿನ ಟೆಸ್ಟಿನಲ್ಲಿ. ಮೀನಿನ ಹೊಲಸಿನಿಂದ, ಮಿಕ್ಕಿದ ತಿಂಡಿಯಿಂದ ಅಮೋನಿಯಾ ಬರುತ್ತದೆ. ಫಿಲ್ಟರಿನಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದು ಜಾಸ್ತಿಯಾದರೆ ಮಾತ್ರ ತೊಂದರೆ. ಪಳಗಿದ ಟ್ಯಾಂಕಿನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಇರಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವವರು ನೀವಾದರೆ, ಬದಲಿಸುವ ಮುಂಚೆ ನೈಟ್ರೇಟ್ ನೋಡಿ. ಲೀಟರಿಗೆ 20 ಮಿಲಿಗ್ರಾಂ (ಕಿಟ್‌ನಲ್ಲಿ ppm) ಆಸುಪಾಸಿದ್ದರೆ ಇನ್ನೂ ನಾಲ್ಕು ಸಣ್ಣ ಮೀನಿಗೆ ಜಾಗವಿದೆ. ವಾರ ವಾರ 40 ದಾಟುತ್ತಿದ್ದರೆ ಟ್ಯಾಂಕ್ ತುಂಬಿದೆ, ಅಥವಾ ನೀವು ತಿಂಡಿ ಜಾಸ್ತಿ ಹಾಕುತ್ತಿದ್ದೀರಿ. ಒಮ್ಮೆ ನಲ್ಲಿ ನೀರನ್ನೂ ಟೆಸ್ಟ್ ಮಾಡಿಬಿಡಿ, ಕೆಲವು ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಮೊದಲೇ ಇರುತ್ತದೆ.

ಗಡಸು ನೀರಿನವರು ಇನ್ನೊಂದು ವಿಷಯ ನೆನಪಿಡಬೇಕು. ಪಿಎಚ್ 7ರಲ್ಲಿ ಅಮೋನಿಯಾದ ಬಹುಪಾಲು ಅಷ್ಟೇನೂ ಕೆಡುಕು ಮಾಡದ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ವಿಷದ ಪಾಲು ಹತ್ತು ಪಟ್ಟಿನ ಹತ್ತಿರ ಹೋಗುತ್ತದೆ. ಅದೇ ಟೆಸ್ಟ್, ಅದೇ ಬಣ್ಣ, ಮಂಗಳೂರಿನ ಟ್ಯಾಂಕ್ ತಡೆದುಕೊಂಡಿದ್ದನ್ನು ಕೋಲಾರದ ಟ್ಯಾಂಕ್ ತಡೆಯುವುದಿಲ್ಲ.

ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನಿಲ್ಲದ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕಿ, ಫಿಲ್ಟರ್ ಓಡಿಸಿ, ಟೆಸ್ಟ್ ಮಾಡುತ್ತಿರಿ. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಗೆಳೆಯರ ಹಳೇ ಟ್ಯಾಂಕಿನ ಸ್ಪಂಜಿನ ತುಂಡು ಸಿಕ್ಕಿದರೆ ಬೇಗ ಆಗುತ್ತದೆ. ಆ ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಕ್ಲೋರಿನ್‌ಗೆ ಎಲ್ಲ ಸತ್ತುಹೋಗುತ್ತವೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಯಾರ ಜೊತೆ ಯಾರು

ಹೊಂದಾಣಿಕೆ ಅಂದರೆ ಎಲ್ಲರೂ ಜಗಳವನ್ನಷ್ಟೇ ನೋಡುತ್ತಾರೆ. ಅದಕ್ಕಿಂತ ಮೊದಲು ಬಾಯಿ ನೋಡಿ. ದೊಡ್ಡ ಮೀನಿನ ಬಾಯಿಗೆ ಹಿಡಿಯುವ ಸಣ್ಣ ಮೀನು ಒಂದಲ್ಲ ಒಂದು ದಿನ ಅದರ ಹೊಟ್ಟೆಯಲ್ಲಿರುತ್ತದೆ. ಏಂಜಲ್ ಮತ್ತು ನಿಯಾನ್ ಜೋಡಿ ಇದಕ್ಕೆ ಒಳ್ಳೆಯ ಉದಾಹರಣೆ. ಇಬ್ಬರೂ ಅಮೆಜಾನಿನವರೇ, ಇಬ್ಬರಿಗೂ ಬೇಕಾದ ನೀರು ಒಂದೇ, ಅಂಗಡಿಯಲ್ಲಿ ಒಂದೇ ಟ್ಯಾಂಕಿನಲ್ಲೂ ಇಟ್ಟಿರುತ್ತಾರೆ. ಆರು ತಿಂಗಳು ಏನೂ ಆಗುವುದಿಲ್ಲ. ಏಂಜಲ್ ಅಂಗೈ ಅಗಲ ಆದ ಮೇಲೆ, ಒಂದು ರಾತ್ರಿಗೆ ಒಂದರಂತೆ ನಿಯಾನ್ ಕಾಣೆಯಾಗಲು ಶುರುವಾಗುತ್ತದೆ. ಕಾಡಿನಲ್ಲಿ ಏಂಜಲ್ ತಿನ್ನುವುದರಲ್ಲಿ ಇಂಥ ಸಣ್ಣ ಮೀನೂ ಸೇರಿದೆ, ಅದನ್ನು ಬೈದು ಪ್ರಯೋಜನವಿಲ್ಲ.

ಎರಡನೆಯದು, ರೆಕ್ಕೆ ಕಚ್ಚುವವರು. ಟೈಗರ್ ಬಾರ್ಬ್ ಇದರಲ್ಲಿ ಹೆಸರುವಾಸಿ. ಎರಡು ಮೂರು ತಂದರೆ ಕಂಡ ಕಂಡ ಉದ್ದ ರೆಕ್ಕೆಯನ್ನೆಲ್ಲ ಹರಿದು ಹಾಕುತ್ತವೆ. ಎಂಟು ಹತ್ತು ತಂದರೆ ತಮ್ಮ ತಮ್ಮಲ್ಲೇ ಓಡಿಸಾಡಿಕೊಂಡು ಬೇರೆಯವರ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ. ಆಗಲೂ ಏಂಜಲ್, ಗೌರಾಮಿ, ಫೈಟರ್, ದೊಡ್ಡ ಬಾಲದ ಗಪ್ಪಿ ಹತ್ತಿರ ಬೇಡ. ಸೆರ್ಪೇ ಟೆಟ್ರಾ ಕೂಡ ಇದೇ ಥರದ ಪುಂಡ. ಜಗಳ ಆಗುತ್ತೆ ಅಂತ ಕಡಿಮೆ ತಂದರೆ ಜಗಳ ಹೆಚ್ಚುತ್ತದೆ ಅನ್ನುವುದು ಹೊಸಬರಿಗೆ ನಂಬಲು ಕಷ್ಟ, ಆದರೆ ಗುಂಪಿನ ಮೀನುಗಳ ವಿಷಯದಲ್ಲಿ ಇದು ನಿಜ. ನಿಯಾನ್, ಜೀಬ್ರಾ, ಕೋರಿಡೋರಸ್, ರಾಸ್ಬೋರಾ, ಯಾವುದನ್ನೇ ಆಗಲಿ ಆರಕ್ಕಿಂತ ಕಡಿಮೆ ತರಬೇಡಿ. "ಎಲ್ಲದರಲ್ಲೂ ಎರಡೆರಡು" ಅನ್ನುವ ನಮ್ಮ ಅಭ್ಯಾಸ ಇದೆಯಲ್ಲ, ಟ್ಯಾಂಕ್ ಹಾಳಾಗಲು ಅದೊಂದೇ ಸಾಕು. ಐದು ಜಾತಿಯ ಹತ್ತು ಮೀನಿಗಿಂತ ಒಂದೇ ಜಾತಿಯ ಹತ್ತು ಮೀನು ನೋಡಲೂ ಚೆಂದ.

ಫೈಟರ್ ಗಂಡನ್ನು ಗಪ್ಪಿ ಜೊತೆ ಬಿಡಬೇಡಿ, ಆ ಬಾಲ ನೋಡಿ ಇನ್ನೊಂದು ಫೈಟರ್ ಅಂದುಕೊಳ್ಳುತ್ತದೆ. ಗೌರಾಮಿ ಜೊತೆಯೂ ಬೇಡ, ಇಬ್ಬರೂ ಹತ್ತಿರದ ಸಂಬಂಧಿಗಳು, ಮೇಲಿನ ನೀರು ತನ್ನದು ಅನ್ನುವವರು. ಕೆಂಪು ಬಾಲದ ಕಪ್ಪು ಶಾರ್ಕ್, ರೈನ್‌ಬೋ ಶಾರ್ಕ್ ಎಷ್ಟೇ ದೊಡ್ಡ ಟ್ಯಾಂಕ್ ಇದ್ದರೂ ಒಂದೇ ಒಂದು. ನಮ್ಮದೇ ಪಶ್ಚಿಮ ಘಟ್ಟದ, ಕೇರಳ ಮತ್ತು ದಕ್ಷಿಣ ಕರ್ನಾಟಕದ ಕಡೆಯ ಪೀ ಪಫರ್ ಒಂದು ಇಂಚಿನ ಮುದ್ದು ಮುಖದ ಮೀನು. ಅದು ಬಸವನಹುಳು ತಿನ್ನುತ್ತದೆ, ಮಿಕ್ಕ ಹೊತ್ತಿನಲ್ಲಿ ಪಕ್ಕದವರ ರೆಕ್ಕೆ ತಿನ್ನುತ್ತದೆ. ಸಾಕಬೇಕು ಅಂದರೆ ಅದಕ್ಕೇ ಬೇರೆ ಟ್ಯಾಂಕ್.

ಮೇಲೆ, ನಡುವೆ, ತಳದಲ್ಲಿ ಈಜುವ ಮೀನುಗಳನ್ನು ಬೆರೆಸಿದರೆ ಜಾಗ ಹಂಚಿಹೋಗುತ್ತದೆ ಅನ್ನುವುದು ಸರಿ. ಆದರೆ ಹೊಲಸು ಹಂಚಿಹೋಗುವುದಿಲ್ಲ, ಅದು ಅದೇ ನೀರಿಗೇ ಬೀಳುತ್ತದೆ. ತಳ ಖಾಲಿ ಇದೆ ಅಂತ ಇನ್ನೂ ಆರು ತುಂಬಲು ಇದು ನೆಪವಲ್ಲ. ತಳದ ಮೀನು "ಕ್ಲೀನಿಂಗ್" ಕೆಲಸಕ್ಕೆ ಅಂತ ತರುವುದೂ ತಪ್ಪು. ಕೋರಿಡೋರಸ್‌ಗೆ ಅದರದ್ದೇ ಮುಳುಗುವ ತಿಂಡಿ ಬೇಕು, ಮೀಸೆ ಸವೆಯದ ಹಾಗೆ ನುಣ್ಣನೆ ಮರಳು ಬೇಕು.

ಕೊಳ್ಳಲೇಬಾರದ ಕೆಲವು

ಎರಡಡಿ, ಮೂರಡಿ ಟ್ಯಾಂಕಿನವರಿಗೆ ಕೆಲವು ಮೀನು ಮಾರಲೇಬಾರದು, ಆದರೆ ದಿನಾ ಮಾರುತ್ತಾರೆ. ಬೆಳ್ಳಿ ಬಣ್ಣದ, ಗುಂಪಾಗಿ ಸುತ್ತುವ ಪುಟ್ಟ "ಶಾರ್ಕ್" ನೋಡಿರುತ್ತೀರಿ. ಅದು ಪಂಗಾಸಿಯಸ್, ಹೋಟೆಲಿನಲ್ಲಿ ಬಾಸಾ ಅಂತ ತಟ್ಟೆಗೆ ಬರುವ ಅದೇ ಮೀನು, ಒಂದು ಮೀಟರ್ ದಾಟಿ ಬೆಳೆಯಬಲ್ಲದು. ಸಿಲ್ವರ್ ಶಾರ್ಕ್ ಒಂದಡಿಗೆ ಹೋಗುತ್ತದೆ. "ಸಕ್ಕರ್ ಫಿಶ್, ಗ್ಲಾಸ್ ಕ್ಲೀನ್ ಮಾಡುತ್ತೆ" ಅಂತ ಕೊಡುವ ಪ್ಲೆಕೊ ಒಂದೂವರೆ ಅಡಿಯವರೆಗೂ ಬೆಳೆದು, ಕ್ಲೀನ್ ಮಾಡುವುದಕ್ಕಿಂತ ಜಾಸ್ತಿ ಹೊಲಸು ಮಾಡುತ್ತದೆ. ಪಾಚಿ ತಿನ್ನಲು ಬೇಕೇ ಬೇಕು ಅಂದರೆ ನಾಲ್ಕೈದು ಇಂಚಿಗೆ ನಿಲ್ಲುವ ಬ್ರಿಸ್ಟಲ್‌ನೋಸ್ ಕೇಳಿ, ಇಲ್ಲವೇ ನೆರೈಟ್ ಬಸವನಹುಳು ತನ್ನಿ. ಚಿನ್ನದ ಬಣ್ಣದ ಚೈನೀಸ್ ಆಲ್ಗೀ ಈಟರ್ ಮರಿಯಲ್ಲಿ ಪಾಚಿ ತಿಂದು, ದೊಡ್ಡದಾದ ಮೇಲೆ ಅಗಲ ಮೈಯ ಮೀನುಗಳ ಮೈ ಲೋಳೆ ಹೀರಲು ಹೋಗುತ್ತದೆ. ಬಣ್ಣ ಚುಚ್ಚಿದ, ಬಣ್ಣದಲ್ಲಿ ಅದ್ದಿದ ಮೀನು ಬೇಡ. ಮಿಸ್ ಕೇರಳ ಅನ್ನುವ ಡೆನಿಸನ್ ಬಾರ್ಬ್ ನಮ್ಮ ಘಟ್ಟದ ಹೊಳೆಗಳ ಚೆಲುವೆ, ಅಳಿವಿನ ಅಂಚಿಗೆ ಬಂದಿರುವ ಮೀನು. ಅದು ಆರು ಇಂಚು ಬೆಳೆಯುತ್ತದೆ, ಗುಂಪು ಬೇಡುತ್ತದೆ. ಹೊಳೆಯಲ್ಲೇ ಇರಲಿ ಬಿಡಿ.

ಗೋಲ್ಡ್‌ಫಿಶ್ ವಿಷಯ ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ. ವಾಸ್ತು ಅಂತ ಎಂಟು ಕೆಂಪು, ಒಂದು ಕಪ್ಪು, ಒಟ್ಟು ಒಂಬತ್ತು ಗೋಲ್ಡ್‌ಫಿಶ್ ಎರಡಡಿ ಟ್ಯಾಂಕಿನಲ್ಲಿ. ಗುಂಡು ಮೈಯ ಒರಾಂಡಾ ಕೂಡ ಆರೆಂಟು ಇಂಚು ಬೆಳೆಯುತ್ತದೆ. ಗೋಲ್ಡ್‌ಫಿಶ್‌ಗೆ ಹೊಟ್ಟೆಯ ಚೀಲವೇ ಇಲ್ಲ, ತಿಂದದ್ದು ನೇರ ಕರುಳಿಗೆ, ಅಲ್ಲಿಂದ ನೀರಿಗೆ. 45 ಲೀಟರಿನಲ್ಲಿ ಒಂದು ಸಾಕುವುದೇ ಕಷ್ಟ, ಒಂಬತ್ತು ಅಂದರೆ ಏನು ಹೇಳೋಣ? ಅದು ತಣ್ಣನೆ ನೀರಿನ ಮೀನು, ಬಿಸಿ ಬೇಕಾದ ಏಂಜಲ್, ಗೌರಾಮಿ ಜೊತೆ ಸೇರುವುದೂ ಇಲ್ಲ. ಒಂಬತ್ತೇ ಬೇಕು ಅಂದರೆ ಒಂಬತ್ತು ಪ್ಲಾಟಿ ಬಿಡಿ. ಕೆಂಪೂ ಸಿಗುತ್ತದೆ, ಕಪ್ಪೂ ಸಿಗುತ್ತದೆ.

ಹಾಗಾದರೆ ಏನು ಬಿಡೋಣ?

ಕೆಳಗಿನ ಪಟ್ಟಿಗಳು ಶುರುವಿಗೆ ಹೇಳಿದ ಇಂಚಿನ ಲೆಕ್ಕ ಮೀರುತ್ತವೆ. ನೀರಿನ ಟೆಸ್ಟ್ ಸರಿ ಬರುತ್ತಿದ್ದರೆ ಮಾತ್ರ ಅಲ್ಲಿಯವರೆಗೆ ಹೋಗಿ.

ಎರಡಡಿ ಟ್ಯಾಂಕ್, ಗಡಸು ಬೋರ್ ನೀರು: ಗಂಡು ಗಪ್ಪಿ ಎಂಟು, ಬೇಕಾದರೆ ಒಂದೆರಡು ನೆರೈಟ್, ದಟ್ಟ ಹಾರ್ನ್‌ವರ್ಟ್ ಗಿಡ. ಅಷ್ಟೇ. ಖಾಲಿ ಖಾಲಿ ಅನ್ನಿಸುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಗಿಡ ಬೆಳೆಯುವವರೆಗೆ ಕಾಯಿರಿ, ಆಗ ಅನ್ನಿಸುವುದಿಲ್ಲ.

ಅದೇ ಅಳತೆಗೆ ಮೆದು ನೀರಿದ್ದರೆ ಎಂಟು ನಿಯಾನ್, ಒಂದು ಹನಿ ಗೌರಾಮಿ, ತಳದಲ್ಲಿ ಆರು ಪಾಂಡಾ ಕೋರಿಡೋರಸ್. ಇದು ಆ ಟ್ಯಾಂಕಿಗೆ ತುಂಬಿದ ಲೆಕ್ಕ, ವಾರದ ನೀರು ಬದಲಾವಣೆ ತಪ್ಪಿಸುವವರಾದರೆ ಕೋರಿಡೋರಸ್ ಬಿಟ್ಟುಬಿಡಿ.

ನನಗೆ ತುಂಬಾ ಇಷ್ಟವಾದದ್ದು ಬೆಂಗಳೂರು, ಮೈಸೂರು ಕಡೆಗೆ ಹೀಟರೇ ಬೇಡದ ಮೂರಡಿ ಟ್ಯಾಂಕ್. ಎಂಟು ರೋಸಿ ಬಾರ್ಬ್, ಎಂಟು ಜೀಬ್ರಾ, ತಳದಲ್ಲಿ ಆರು ಪೆಪ್ಪರ್ಡ್ ಕೋರಿಡೋರಸ್. ಮೂರಕ್ಕೂ 20ರಿಂದ 24 ಡಿಗ್ರಿ ಹಿತ, ಪಿಎಚ್ 7ರ ಆಚೀಚೆ ಏನಿದ್ದರೂ ನಡೆಯುತ್ತದೆ. ರೋಸಿ ಬಾರ್ಬ್, ಜೀಬ್ರಾ ಎರಡೂ ನಮ್ಮ ಉಪಖಂಡದ ಹೊಳೆಗಳ ಮೀನು. ಜೀಬ್ರಾ ಪ್ರಪಂಚದ ಲ್ಯಾಬುಗಳಲ್ಲೆಲ್ಲ ಸಂಶೋಧನೆಗೆ ಸಾಕುವ ಮೀನೂ ಹೌದು, ಅಂಗಡಿಯಲ್ಲಿ ಮಾತ್ರ ಅಗ್ಗದ್ದು ಅಂತ ಯಾರೂ ತಿರುಗಿ ನೋಡುವುದಿಲ್ಲ. ರೋಸಿ ಬಾರ್ಬ್‌ನಲ್ಲಿ ಗಂಡಿಗಿಂತ ಹೆಣ್ಣು ಜಾಸ್ತಿ ಇರಲಿ. ಮುಚ್ಚಳ ಮರೆಯಬೇಡಿ, ಜೀಬ್ರಾ ಹಾರುತ್ತದೆ.

ಮಲಾವಿ ಸಿಕ್ಲಿಡ್ ಬೇಕು ಅನ್ನುವವರಿಗೆ ನಾಲ್ಕಡಿ ಟ್ಯಾಂಕ್, ತುಂಬಾ ಕಲ್ಲುಗುಹೆ, ಬಲವಾದ ಫಿಲ್ಟರ್ ಬೇಕು. ಅಲ್ಲಿ ಮಾತ್ರ ಲೆಕ್ಕ ತಿರುಗುಮುರುಗು, ಬೇಕಂತಲೇ ಸ್ವಲ್ಪ ಜಾಸ್ತಿ ಬಿಡುತ್ತಾರೆ, ಒಬ್ಬನ ಮೇಲೇ ಎಲ್ಲರೂ ಬೀಳದಿರಲಿ ಅಂತ. ಅದನ್ನು ನೋಡಿಕೊಂಡು ಬಂದು ಟೆಟ್ರಾ ಟ್ಯಾಂಕಿಗೆ ಅದೇ ಲೆಕ್ಕ ಹಾಕಬೇಡಿ.

ಮನೆಗೆ ತಂದ ಮೇಲೆ

ಎಲ್ಲ ಮೀನನ್ನೂ ಒಂದೇ ದಿನ ತರಬೇಡಿ. ಆರು ಸಣ್ಣ ಮೀನು ಬಿಟ್ಟು ಎರಡು ವಾರ ತಡೆಯಿರಿ, ಬ್ಯಾಕ್ಟೀರಿಯಾ ಅಷ್ಟು ಹೊಲಸಿಗೆ ಹೊಂದಿಕೊಳ್ಳಲಿ, ಆಮೇಲೆ ಮುಂದಿನ ಗುಂಪು. ಸೌಮ್ಯದವು ಮೊದಲು, ಜಗಳಗಂಟ ಕೊನೆಗೆ. ಜಗಳಗಂಟ ಮೊದಲೇ ಬಂದರೆ ಇಡೀ ಟ್ಯಾಂಕ್ ತನ್ನದು ಮಾಡಿಕೊಂಡಿರುತ್ತದೆ.

ಬಕೆಟ್ ಥರದ ಒಂದು ಟಬ್, ಒಂದು ಸ್ಪಂಜ್ ಫಿಲ್ಟರ್ ಇದ್ದರೆ ಹೊಸ ಮೀನನ್ನು ಎರಡು ಮೂರು ವಾರ ಅದರಲ್ಲೇ ಇಡಿ. ಬಿಳಿ ಚುಕ್ಕೆ ರೋಗ ಒಂದು ಮೀನಿನಿಂದ ಇಡೀ ಟ್ಯಾಂಕಿಗೆ ಹರಡುತ್ತದೆ. ಕವರನ್ನು ಹದಿನೈದು ಇಪ್ಪತ್ತು ನಿಮಿಷ ತೇಲಿಬಿಟ್ಟು, ಒಳಗೆ ಸ್ವಲ್ಪ ಸ್ವಲ್ಪ ಟ್ಯಾಂಕಿನ ನೀರು ಸೇರಿಸಿ, ಮೀನನ್ನು ಜಾಲರಿಯಲ್ಲಿ ಎತ್ತಿ ಬಿಡಿ. ಅಂಗಡಿಯ ನೀರು ಟ್ಯಾಂಕಿಗೆ ಬೇಡ. ಕಾವೇರಿ ನೀರು ಹಾಕುವಾಗಲೆಲ್ಲ ಆಂಟಿ ಕ್ಲೋರಿನ್ ಹನಿ ತಪ್ಪಬಾರದು.

ಮೊದಲ ವಾರ ದಿನಾ ಒಂದು ಹತ್ತು ನಿಮಿಷ ಸುಮ್ನೆ ನೋಡಿ. ಮೂಲೆಯಲ್ಲಿ ಒಂಟಿಯಾಗಿ ನಿಂತ ಮೀನು, ಹರಿದ ಬಾಲ, ತಿಂಡಿಗೆ ಬಾರದ ಮೀನು, ಬೆಳಿಗ್ಗೆ ಮೇಲೆ ಬಂದು ಬಾಯಿ ಬಿಡುವುದು, ಇವೆಲ್ಲ ಲೆಕ್ಕ ತಪ್ಪಿದೆ ಅನ್ನುವುದರ ಗುರುತು. ಒಬ್ಬನೇ ತಂಟೆಕೋರ ಅಂತ ಗೊತ್ತಾದರೆ ಅವನನ್ನು ವಾಪಸ್ ಕೊಡಿ. ಎಷ್ಟೋ ಅಂಗಡಿಗಳು ತೆಗೆದುಕೊಳ್ಳುತ್ತವೆ, ದುಡ್ಡು ಕೊಡದಿದ್ದರೂ.

ಇನ್ನು ಮರಿಗಳ ಲೆಕ್ಕ. ಗಪ್ಪಿ ಹೆಣ್ಣು ಅಂಗಡಿಯಿಂದ ಬರುವಾಗಲೇ ಬಸುರಿ ಇರುವುದು ಮಾಮೂಲು. ಒಮ್ಮೆ ಕೂಡಿದರೆ ತಿಂಗಳುಗಟ್ಟಲೆ ಮತ್ತೆ ಮತ್ತೆ ಮರಿ ಹಾಕುತ್ತದೆ, ಗಂಡು ಇರಲೇಬೇಕಂತಿಲ್ಲ. ತಿಂಗಳಿಗೊಮ್ಮೆ ಇಪ್ಪತ್ತು ಮೂವತ್ತು ಅಂದರೆ ಈಗ ಹಾಕಿದ ಲೆಕ್ಕವೆಲ್ಲ ಬೇಸಿಗೆ ಹೊತ್ತಿಗೆ ಮಣ್ಣುಪಾಲು. ಅದಕ್ಕೇ ಮೇಲೆ ಬರೀ ಗಂಡು ಅಂದಿದ್ದು. ಹೆಣ್ಣೂ ಬೇಕು ಅಂದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣು ಇಡಿ, ಇಲ್ಲದಿದ್ದರೆ ಗಂಡುಗಳು ಹೆಣ್ಣನ್ನು ಓಡಿಸಿ ಓಡಿಸಿ ಸುಸ್ತು ಮಾಡುತ್ತವೆ, ಮತ್ತು ಮರಿ ಕೊಡಲು ಜನ ಹುಡುಕಿಟ್ಟುಕೊಳ್ಳಿ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರೇ ಗಪ್ಪಿ ಬಿಡುತ್ತಾರಲ್ಲ, ನಾವೂ ಕೆರೆಗೆ ಬಿಟ್ಟರೇನು ಅಂತ ಕೆಲವರು ಕೇಳುತ್ತಾರೆ. ಮನೆಯ ಮುಚ್ಚಿದ ಸಂಪ್‌ಗೆ, ತೊಟ್ಟಿಗೆ ಬಿಡುವುದು ಬೇರೆ, ಹರಿಯುವ ಹಳ್ಳಕ್ಕೆ ಬಿಡುವುದು ಬೇರೆ. ಸಕ್ಕರ್ ಫಿಶ್ ಹೀಗೇ ಯಾರೋ ಬಿಟ್ಟು ಬಂದದ್ದು ಇವತ್ತು ಕೇರಳ, ಪಶ್ಚಿಮ ಬಂಗಾಳದ ನೀರಿನಲ್ಲಿ ಬೆಳೆದು ಮೀನುಗಾರರ ಬಲೆ ಹರಿಯುತ್ತಿದೆ. ಸಾಕಲು ಆಗದ್ದು ಅಂಗಡಿಗೆ ಹೋಗಲಿ, ಇಲ್ಲವೇ ಇನ್ನೊಬ್ಬರ ಟ್ಯಾಂಕಿಗೆ. ಕೆರೆಗೂ ಬೇಡ, ಹೊಳೆಗೂ ಬೇಡ, ಮಳೆಗಾಲದಲ್ಲಿ ಉಕ್ಕಿ ಹರಿಯುವ ಚರಂಡಿಗಂತೂ ಬೇಡವೇ ಬೇಡ.